ವಾಸನೆಯಿಲ್ಲದ ಅರ್ಧ ಕಿಲೋ

ಘಾಟಣ್ಣ ಬಾಯಿ ತೆರೆದದ್ದೇ ತಪ್ಪಾಯಿತು. ತೆರೆದ ಬಾಯೊಳಗೆ ಮೆಣಸಿನಪುಡಿ ಹೋಗಿದ್ದರೆ ನಾಲ್ಕು ಸಲ ಕೆಮ್ಮಿ ಸುಧಾರಿಸಿಕೊಳ್ಳಬಹುದಿತ್ತು. ಒಳಗೆ ಏನೂ ಹೋಗಲಿಲ್ಲ, ಹೊರಗೆ ಒಂದು ಮಾತು ಬಂತು.

ಬೆಳಗ್ಗೆ ಎಂಟಕ್ಕೆ ಗಿರಣಿಯ ಬಾಗಿಲಲ್ಲಿ ತೂಕದಣ್ಣನ ಅಕ್ಕ ನಿಂತಿದ್ದಳು. ಅವಳ ಕಣ್ಣಿನ ಪೊರೆ ತೆಗೆಯಲು ಅದೇ ದಿನ ಬರಹೇಳಿದ್ದರು.

"ಮೂರು ತಿಂಗಳು ಕಾದು ಸಿಕ್ಕ ದಿನ, ಬಿಡೋ ಹಾಗಿಲ್ಲ. ತಮ್ಮನಿಗೆ ಮಧ್ಯಾಹ್ನ ಒಂದು ಹೊತ್ತು ಯಾರಾದ್ರೂ ಏನಾದ್ರೂ ಬೇಯಿಸಿ ಕೊಟ್ರೆ..."

"ನಾನಿದೀನಲ್ಲ ಅಕ್ಕ," ಅಂದ ಘಾಟಣ್ಣ.

ತಟ್ಟನೆ ಗಿರಣಿ ನಿಂತಿತು. ಕರೆಂಟು ಹೋಗಿತ್ತು. ಆದರೆ ಆ ಮಾತು ಕೇಳಿ ಯಂತ್ರಕ್ಕೇ ಗಾಬರಿಯಾಯಿತು ಎಂದು ಅಲ್ಲಿದ್ದವರು ಇವತ್ತಿಗೂ ಹೇಳುತ್ತಾರೆ. ನಲವತ್ತೆರಡು ವರ್ಷದ ಒಂಟಿ ಜೀವ ಘಾಟಣ್ಣ. ಇಪ್ಪತ್ತು ವರ್ಷದಿಂದ ಮೆಣಸಿನಕಾಯಿ ಯಂತ್ರದ ಮುಂದೆ ಕೆಲಸ. ಅವನು ಬೀದಿಯಲ್ಲಿ ನಡೆದರೆ ಹಿಂದೆ ಬರುವವರು ಸೀನುತ್ತಿದ್ದರು. ಮೂರು ಹೊತ್ತೂ ತಿರುವಿನ ಹೋಟೆಲಿನಲ್ಲಿ ಊಟ. ಅವನ ಕೋಣೆಯ ಒಲೆ ಗಡ್ಡದ ನೀರು ಕಾಯಿಸಿದ್ದು ಬಿಟ್ಟರೆ ಬೇರೇನೂ ಕಂಡಿರಲಿಲ್ಲ.

ತೂಕದಣ್ಣ ಅದೇ ಗಿರಣಿಯಲ್ಲಿ ತಕ್ಕಡಿಯ ಹಿಂದೆ ಕೂರುವವನು. ಎರಡು ತಿಂಗಳಿಂದ ಅವನಿಗೆ ಕೀಮೋ ನಡೆಯುತ್ತಿತ್ತು. ಆರು ಡೋಸಿನಲ್ಲಿ ಮೂರು ಮುಗಿದಿದ್ದವು. ಜೀವಮಾನವೆಲ್ಲ ಊರಿನವರ ಚೀಲ ತೂಗಿದವನು ಈಗ ತಾನೇ ತೂಕದ ಮುಳ್ಳಿನ ಮುಂದೆ ನಿಲ್ಲಬೇಕಾಗಿತ್ತು. ಸಂಜೆ ನಾಲ್ಕಕ್ಕೆ ಆಸ್ಪತ್ರೆಯಲ್ಲಿ ತೂಕ. ನಲವತ್ತೆಂಟು ಕಿಲೋಗಿಂತ ಕಡಿಮೆಯಾದರೆ ನಾಲ್ಕನೇ ಡೋಸ್ ಮುಂದಕ್ಕೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ಬೆಳಗ್ಗೆ ಅವನಿದ್ದದ್ದು ನಲವತ್ತೇಳು ಕಿಲೋ ಏಳುನೂರು ಗ್ರಾಂ.

"ಅರ್ಧ ಕಿಲೋ ಊಟ ಹೊಟ್ಟೆಗೆ ಹೋದ್ರೆ ತೂಕ ಅರ್ಧ ಕಿಲೋ ಹೆಚ್ಚಲೇಬೇಕಂತೆ. ಹಾಗಂತ ಅವನದೇ ಲೆಕ್ಕ," ಎಂದಳು ಅಕ್ಕ. "ಆದ್ರೆ ಎರಡು ದಿನದಿಂದ ಒಂದು ತುತ್ತು ಇಳಿದಿಲ್ಲ. ಎಲ್ಲದಕ್ಕೂ ವಾಸನೆ, ವಾಸನೆ ಅಂತಾನೆ. ಮೊದಲು ಹೀಗಿರ್ಲಿಲ್ಲ. ಮನೆ ಮುಂದೆ ಚರಂಡಿ ಒಡೆದಾಗ ಬೀದಿಗೆ ಬೀದಿಯೇ ಮೂಗು ಮುಚ್ಚಿತ್ತು, ಇವನು ಜಗಲಿ ಮೇಲೆ ಕೂತು ಪೇಪರ್ ಓದ್ತಿದ್ದ. ಈಗ ಪಕ್ಕದ ಬೀದೀಲಿ ಈರುಳ್ಳಿ ಹೆಚ್ಚಿದ್ರೆ ಇಲ್ಲಿ ವಾಕರಿಕೆ!"

ಅವಳು ಒಂದು ಚೀಟಿ ಕೊಟ್ಟಳು. ಖಾರ ಬೇಡ, ಎಣ್ಣೆ ಬೇಡ, ಹುರಿದದ್ದು ಬೇಡ, ಹಸಿಯದ್ದು ಬೇಡ, ಸುಡುವಷ್ಟು ಬಿಸಿ ಬೇಡ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿತ್ತು: ವಾಸನೆ ಬೇಡವೇ ಬೇಡ.

ಆ ಎರಡು ಗೆರೆ ನೋಡಿದಾಗ ಘಾಟಣ್ಣನ ಜೀವ ಬಾಯಿಗೆ ಬಂತು. ಅದಕ್ಕೊಂದು ಕಾರಣವಿತ್ತು, ಮತ್ತು ಆ ಕಾರಣ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಘಾಟಣ್ಣನಿಗೆ ವಾಸನೆಯೇ ಬರುತ್ತಿರಲಿಲ್ಲ. ಐದು ವರ್ಷದ ಹಿಂದೆ ಒಂದು ಬೆಳಗ್ಗೆ ಮೂಗು ಕೈಕೊಟ್ಟಿತ್ತು, ಮತ್ತೆ ತಿರುಗಿ ಬಂದಿರಲಿಲ್ಲ. ಆದರೆ ಬಂದ ಪ್ರತಿ ಚೀಲ ಮೆಣಸಿನಕಾಯಿಯನ್ನು ಮೂಸಿ, ಒಳ್ಳೆಯದೋ ಮುಗ್ಗಲು ಹಿಡಿದದ್ದೋ ಎಂದು ಹೇಳುವ ಕೆಲಸ ಅವನದೇ. 'ಗಿರಣಿಯ ಮೂಗು' ಎಂಬ ಬಿರುದೂ ಅವನದೇ. ಬಿರುದನ್ನು ಉಳಿಸಿದವನು ತೂಕದಣ್ಣ. ಘಾಟಣ್ಣ ಒಂದು ಹಿಡಿ ಎತ್ತಿ, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸುತ್ತಿದ್ದ. ಗಿರಣಿಯ ಯಜಮಾನರು ಎದುರಿಗೆ ನಿಂತಿರುತ್ತಿದ್ದರು. ತೂಕದಣ್ಣ ಒಮ್ಮೆ ಯಜಮಾನರ ಕಡೆ ನೋಡಿ, ಏನೂ ಅರಿಯದವನಂತೆ ತೂಕದ ಕಲ್ಲಿನಿಂದ ತಕ್ಕಡಿಯ ತಟ್ಟೆಗೆ ತಟ್ಟುತ್ತಿದ್ದ. ಒಂದು 'ಟಣ್' ಅಂದರೆ ಪಾಸು. ಎರಡು 'ಟಣ್ ಟಣ್' ಅಂದರೆ ಫೇಲು.

ತೂಕದಣ್ಣ ಮಲಗಿದ ದಿನದಿಂದ ಘಾಟಣ್ಣನಿಗೆ ನೆಗಡಿ ಶುರುವಾಗಿತ್ತು. ಬೇರೆ ದಾರಿಯಿರಲಿಲ್ಲ.

"ಹೋಗಪ್ಪ, ಇವತ್ತು ರಜ ತಗೋ," ಎಂದರು ಯಜಮಾನರು. "ಮೂರೂವರೆಗೆ ನಾನೇ ವ್ಯಾನು ತರ್ತೀನಿ, ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ಅಂದ ಹಾಗೆ ನಿನ್ನ ನೆಗಡಿ ಏನಾಯ್ತು? ಹದಿನೆಂಟು ಚೀಲ ನಿನ್ನ ಮೂಗಿಗೆ ಕಾಯ್ತಾ ಕೂತಿವೆ."

"ಸ್ವಲ್ಪ ಇಳಿದಿದೆ ಯಜಮಾನ್ರೇ," ಎಂದು ಘಾಟಣ್ಣ ಸೊರ್ ಎಂದು ಮೂಗು ಏರಿಸಿದ.

"ಎರಡು ತಿಂಗಳಾಯ್ತಲ್ಲೋ! ಇದು ನೆಗಡಿನೋ, ಬಾಡಿಗೆದಾರನೋ? ಬಂದದ್ದು ಹೋಗೋ ಮಾತೇ ಇಲ್ವಲ್ಲ."

ಘಾಟಣ್ಣ ಅಕ್ಕಿ, ಆಲೂಗಡ್ಡೆ ಕೊಂಡು ಕೋಣೆಗೆ ಬಂದ. ಪಾತ್ರೆಗೆ ಅಕ್ಕಿ ನೀರು ಹಾಕಿ ಒಲೆ ಹಚ್ಚಿದ. ಗಂಜಿಗಿಂತ ಸುಲಭ ಯಾವುದಿದೆ? ಅದು ತಾನಾಗಿ ಬೇಯುತ್ತದೆ, ನಾವು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದರಲ್ಲಿ ಘಾಟಣ್ಣ ನಿಸ್ಸೀಮ. ಒಲೆಗೆ ಬೆನ್ನು ಹಾಕಿ, ಚೀಟಿಯನ್ನು ಮೂರನೇ ಸಲ ಓದುತ್ತ ಕೂತ.

ಬಾಗಿಲು ಧಡಾರನೆ ತೆರೆಯಿತು. ಮಹಡಿಯ ಮೇಲಿನ ಅಜ್ಜಿ, ಅಂದರೆ ಮನೆಯ ಒಡತಿ, ಒಂದು ಬಕೆಟ್ ನೀರನ್ನು ಒಲೆಗೂ ಘಾಟಣ್ಣನಿಗೂ ಸಮನಾಗಿ ಹಂಚಿದಳು.

"ಬೆಂಕಿ! ಬೆಂಕಿ!"

"ಬೆಂಕಿ ಅಲ್ಲ ಅಜ್ಜಿ, ಅಡುಗೆ!"

"ಇದಾ ಅಡುಗೆ? ಮೂರು ಮನೆ ಆಚೆವರೆಗೆ ಸೀದ ವಾಸನೆ ಹೊಡೀತಿದೆ. ಮೂಗು ಅಡವಿಟ್ಟಿದೀಯೇನೋ?"

"ನೆಗಡಿ ಅಜ್ಜಿ."

ಅಜ್ಜಿ ಪಾತ್ರೆಯೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಅನ್ನ ರಸ್ತೆಗೆ ಹಾಕಿದ ಡಾಂಬರಿನಂತೆ ಕೂತಿತ್ತು. "ಯಾರಿಗಪ್ಪ ಇದು? ಯಾವ ಶತ್ರುವಿಗೆ?"

ಘಾಟಣ್ಣ ವಿಷಯ ಹೇಳಿದ. ಹೇಳುತ್ತ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಟವೆಲ್ಲು ಕೊಡವಿದ್ದೇ ತಡ, ಅಜ್ಜಿ ಸೀನತೊಡಗಿದಳು. ಒಂದು, ಎರಡು, ಏಳು, ಎಂಟು. ಒಂಬತ್ತನೆಯದಕ್ಕೆ ಪಕ್ಕದ ಮನೆಯ ಕಾಂಪೌಂಡರ್ ಓಡಿ ಬಂದರು. ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಬೀದಿಯಲ್ಲಿ ಯಾರಿಗೆ ಏನಾದರೂ ಮೊದಲು ಇವರಿಗೆ ತಿಳಿಯಬೇಕು.

ಅವರು ಅಜ್ಜಿಯನ್ನು ನೋಡಿದರು, ಟವೆಲ್ಲು ನೋಡಿದರು, ಘಾಟಣ್ಣನನ್ನು ನೋಡಿದರು.

"ನೀನು ಈ ಅವತಾರದಲ್ಲಿ ಹೋಗಿ ಊಟ ಬಡಿಸಿದ್ರೆ, ಆ ಮನುಷ್ಯ ಸೀನಿ ಸೀನಿ ಇರೋ ತೂಕಾನೂ ಕಳ್ಕೋತಾನೆ. ಮೊದಲು ಸ್ನಾನ ಮಾಡು. ಮೂರು ಸಲ ಮಾಡು."

"ಅಡುಗೆ?"

"ನಾವೇನು ಸತ್ತಿದೀವಾ?" ಎಂದಳು ಅಜ್ಜಿ, ಹತ್ತನೇ ಸೀನಿನ ನಡುವೆ.

ಘಾಟಣ್ಣ ಮೂರು ಸಲ ಸೋಪು ಹಚ್ಚಿ ಮಿಂದ. ಮೊದಲ ನೀರು ಕೆಂಪಗೆ ಹೋಯಿತು, ಎರಡನೆಯದು ಕಿತ್ತಳೆ, ಮೂರನೆಯದಕ್ಕೆ ಅವನ ಚರ್ಮದ ನಿಜವಾದ ಬಣ್ಣ ಅವನಿಗೇ ಮೊದಲ ಸಲ ಕಂಡಿತು. ತನ್ನ ಬಟ್ಟೆಯೆಲ್ಲ ಮೆಣಸಿನಪುಡಿ. ಆದ್ದರಿಂದ ಕಾಂಪೌಂಡರ್ ತಮ್ಮ ಕೆಲಸದ ಕಾಲದ ಬಿಳಿ ಪ್ಯಾಂಟು ತಂದರು, ಅಜ್ಜಿ ಗಂಡನ ಹಳೆಯ ಅಂಗಿಯನ್ನು ಪೆಟ್ಟಿಗೆಯ ತಳದಿಂದ ತೆಗೆದಳು. ಪ್ಯಾಂಟು ಮೊಣಕಾಲಿನ ಕೆಳಗೆ ನಾಲ್ಕು ಬೆರಳಿಗೆ ನಿಂತಿತು. ಅಂಗಿಯಲ್ಲಿ ಇನ್ನೊಬ್ಬ ಘಾಟಣ್ಣನಿಗೆ ಜಾಗವಿತ್ತು.

ಹೊರಬಂದಾಗ ಕೋಣೆಯಲ್ಲಿ ಹೊಗೆ. ಕಾಂಪೌಂಡರ್ ಕ್ರಿಮಿ ಸಾಯಲೆಂದು ಚಮಚ, ತಟ್ಟೆ, ಡಬ್ಬಿ, ಮುಚ್ಚಳ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದ್ದರು. ಮುಚ್ಚಳದ ಪ್ಲಾಸ್ಟಿಕ್ ಹಿಡಿ ಕರಗಿ ಚಮಚಕ್ಕೆ ಅಂಟಿ, ಎರಡೂ ಹುಟ್ಟುತ್ತಲೇ ಕೂಡಿಕೊಂಡ ಅವಳಿಗಳಂತಾಗಿದ್ದವು.

"ಕ್ರಿಮಿ ಅಂತೂ ಸತ್ತಿದೆ," ಎಂದರು ಕಾಂಪೌಂಡರ್.

ಒಲೆಯ ಇನ್ನೊಂದು ಉರಿಯಲ್ಲಿ ಅಜ್ಜಿಯ ಗಂಜಿ. ಬೆಳ್ಳಗೆ, ನುಣ್ಣಗೆ, ಕಣ್ಣಿಗೆ ಹಬ್ಬ. ಘಾಟಣ್ಣನಿಗೆ ಕಣ್ಣೀರೇ ಬಂತು. "ಅಜ್ಜಿ, ನೀವು ದೇವರು. ಹೇಗೆ ಬಂದಿದೆ?"

"ಘಮ್ ಅಂತಿದೆ."

"ಘಮ್ ಅನ್ನಬಾರದು ಅಜ್ಜಿ! ಏನು ಹಾಕಿದ್ರಿ?"

"ಏನೂ ಇಲ್ಲಪ್ಪ. ಹತ್ತೇ ಹತ್ತು ಎಸಳು ಬೆಳ್ಳುಳ್ಳಿ, ಜಜ್ಜಿ. ಇದು ಮೂಗಿಗೆ ಬಡಿದ್ರೆ ಎಂಥಾ ರೋಗಿನೂ ಎದ್ದು ಕೂರಬೇಕು."

"ಅವನು ಎದ್ದು ಓಡಿಹೋಗ್ತಾನೆ ಅಜ್ಜಿ!"

ಗಡಿಯಾರ ಒಂದೂವರೆ ಹೊಡೆಯಿತು. ಘಾಟಣ್ಣ ಜೀವನದಲ್ಲಿ ಮೊದಲ ಬಾರಿಗೆ ಹಿರಿಯರಿಬ್ಬರನ್ನು ಕೈ ಹಿಡಿದು ಹೊರಗೆ ಬಿಟ್ಟು ಚಿಲಕ ಹಾಕಿದ. ಅವರು ಕಿಟಕಿಗೆ ಬಂದು ನಿಂತರು. "ಮರ್ಯಾದೆ ಇಲ್ಲದವನು," ಎಂದಳು ಅಜ್ಜಿ. "ನೀರು ಜಾಸ್ತಿ ಹಾಕೋ," ಎಂದೂ ಸೇರಿಸಿದಳು.

ಮೂಗಿಲ್ಲ. ಇನ್ನು ಉಳಿದದ್ದೇನು? ಕಿವಿ. ಇಪ್ಪತ್ತು ವರ್ಷ ಯಂತ್ರದ ಸದ್ದು ಕೇಳಿಯೇ ಅವನು ಪುಡಿ ನುಣ್ಣಗಾಯಿತೋ ಇಲ್ಲವೋ ಹೇಳುತ್ತಿದ್ದ. ಅದರಲ್ಲಿ ಯಾರ ಟಣ್ಣೂ ಬೇಕಿರಲಿಲ್ಲ. ಹೊಸ ಪಾತ್ರೆಯಲ್ಲಿ ಅಕ್ಕಿ, ಆಲೂಗಡ್ಡೆ, ಧಾರಾಳವಾಗಿ ನೀರು ಹಾಕಿ, ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಿವಿ ಕೊಟ್ಟ. ಮೊದಲು ಗಳಗಳ ಎಂದಿತು. ಆಮೇಲೆ ಗುಳುಗುಳು. ಪುಟುಪುಟು ಎನ್ನಲು ಶುರುವಾದಾಗ ಉರಿ ಸಣ್ಣ ಮಾಡಿ ತಿರುವಿದ. ಸದ್ದು ಪೂರ್ತಿ ಮೆತ್ತಗಾಗಿ, ಮಗು ನಿದ್ದೆಯಲ್ಲಿ ತುಟಿ ಬಿಡುವಷ್ಟಾದಾಗ ಇಳಿಸಿದ. ಚಿಟಿಕೆ ಉಪ್ಪು ಹಾಕಿ ಮಸೆದು, ಫ್ಯಾನಿನ ಕೆಳಗೆ ಆರಿಸಿ, ಕಿಟಕಿಯಾಚೆ ಹಿಡಿದ.

ಕಾಂಪೌಂಡರ್ ಮೂಸಿದರು. "ಏನೂ ಇಲ್ಲ."

ಅಜ್ಜಿ ಮೂಸಿದಳು. "ಥೂ, ಇದನ್ನ ಊಟ ಅಂತಾರಾ? ನೀರಿಗಾದ್ರೂ ಒಂದು ವಾಸನೆ ಇರುತ್ತೆ."

ಇಷ್ಟು ದೊಡ್ಡ ಹೊಗಳಿಕೆ ಘಾಟಣ್ಣನಿಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ. ಡಬ್ಬಿಗೆ ತುಂಬಿ, ತಿರುವಿನ ತರಕಾರಿಯವಳ ತಕ್ಕಡಿಯಲ್ಲಿ ತೂಗಿಸಿದ. ಡಬ್ಬಿ ಕಳೆದು ಸರಿಯಾಗಿ ಅರ್ಧ ಕಿಲೋ. ಮುಂದೆ ಅವನು, ಹಿಂದೆ ಕಾಂಪೌಂಡರ್, ಅವರ ಹಿಂದೆ ಖಾಲಿ ಬಕೆಟ್ ಹಿಡಿದ ಅಜ್ಜಿ. "ಬಕೆಟ್ ಯಾಕೆ?" ಎಂದು ಕೇಳಿದ್ದಕ್ಕೆ, "ನೀನಿರೋ ಕಡೆ ಇರಲಿ," ಎಂದಳು.

ತೂಕದಣ್ಣ ಕಿಟಕಿಯ ಪಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಕೂದಲು ಹೋದ ತಲೆಗೆ ಉಲ್ಲನ್ ಟೋಪಿ. ಮೈ ಸೊರಗಿತ್ತು, ನಾಲಿಗೆ ಸೊರಗಿರಲಿಲ್ಲ.

"ಅಲ್ಲೇ ನಿಲ್ಲು!" ಎಂದ, ಘಾಟಣ್ಣ ಹೊಸಿಲಲ್ಲಿದ್ದಾಗಲೇ. ಕಣ್ಣು ಮುಚ್ಚಿ ಗಾಳಿ ಎಳೆದ. "ಮೂರು ಸಲ ಸೋಪು. ಅಂಗಿಯಲ್ಲಿ ನುಸಿಗುಳಿಗೆ. ಹಿಂದೆ ಯಾರೋ ಬೆಳ್ಳುಳ್ಳಿ ಜಜ್ಜಿದ ಕೈ. ಅವರ ಪಕ್ಕ ಸುಟ್ಟ ಪ್ಲಾಸ್ಟಿಕ್ಕು. ಲೋ, ನೀನು ಯಾರ ಮನೆ ಸುಟ್ಟು ಬಂದೆಯೋ?"

ಅಜ್ಜಿ ಕೈ ಬೆನ್ನ ಹಿಂದೆ ಅಡಗಿಸಿಕೊಂಡಳು. ಇಬ್ಬರನ್ನೂ ಜಗಲಿಗೆ ಕಳಿಸಲಾಯಿತು. ಘಾಟಣ್ಣ ಅಂಗಿ ಬಿಚ್ಚಿ ಹೊರಗಿಟ್ಟು, ಡಬ್ಬಿ ತೆರೆದ.

ತೂಕದಣ್ಣ ಬಗ್ಗಿದ. ಮೂಸಿದ. ಇನ್ನೊಮ್ಮೆ ಮೂಸಿದ.

"ಇದರಲ್ಲಿ ಏನೂ ವಾಸನೆ ಇಲ್ವಲ್ಲೋ."

"ಇಲ್ಲ."

"ಯಾರು ಮಾಡಿದ್ದು?"

"ನಾನೇ."

ತೂಕದಣ್ಣ ಅವನನ್ನು ದಿಟ್ಟಿಸಿದ. ಆಮೇಲೆ ಒಂದು ಚಮಚ ಬಾಯಿಗಿಟ್ಟ. ನುಂಗಿದ. ಇಬ್ಬರೂ ಕಾದರು. ಹೋದದ್ದು ವಾಪಸು ಬರಲಿಲ್ಲ. "ಇಪ್ಪತ್ತು ಗ್ರಾಂ," ಎಂದ. ಇನ್ನೊಂದು ಚಮಚ. "ನಲವತ್ತು." ಚಮಚ ಡಬ್ಬಿಗೆ ತಾಗುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೇನೂ ಇರಲಿಲ್ಲ. ಮುನ್ನೂರರ ಹೊತ್ತಿಗೆ ಒಮ್ಮೆ ನಿಲ್ಲಿಸಿ ಗೋಡೆ ನೋಡುತ್ತ ಕೂತ. ಮತ್ತೆ ಚಮಚ ಎತ್ತಿದ. ಗಡಿಯಾರದಲ್ಲಿ ಮೂರೂಕಾಲು ಆಗಿತ್ತು, ಡಬ್ಬಿಯ ತಳ ಕಂಡಿತು.

"ಐನೂರು," ಎಂದ ತೂಕದಣ್ಣ, ಚೀಲ ಇಳಿಸಿದ ಹಮಾಲಿಯಂತೆ ಉಸ್ಸೆಂದು ಒರಗುತ್ತ.

ಅಷ್ಟರಲ್ಲಿ ಯಜಮಾನರು ಒಳಬಂದರು. ತೂಕದಣ್ಣನ ಯೋಗಕ್ಷೇಮ ಕೇಳಿ, ಖಾಲಿ ಡಬ್ಬಿ ನೋಡಿ ಭಲೆ ಎಂದು, ಮಿಂದು ಹೊಳೆಯುತ್ತಿದ್ದ ಘಾಟಣ್ಣನ ಕಡೆ ತಿರುಗಿದರು. "ಏನೋ, ನೆಗಡಿ ತೊಳೆದು ಹೋದ ಹಾಗಿದೆ! ಒಳ್ಳೇದಾಯ್ತು." ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ನಾಲ್ಕು ಒಣಮೆಣಸಿನಕಾಯಿ. "ಹದಿನೆಂಟು ಚೀಲದ ಮಾದರಿ. ಒಂದು ಸಲ ಮೂಸಿ ಹೇಳಿಬಿಡು."

ಘಾಟಣ್ಣ ಬೇರೆ ದಾರಿ ಕಾಣದೆ ಎತ್ತಿ ಮೂಸಿದ. ಅಭ್ಯಾಸಬಲದಿಂದ ತೂಕದಣ್ಣನ ಕಡೆ ಕಿವಿ ಕೊಟ್ಟ. ತೂಕದಣ್ಣ ಅಭ್ಯಾಸಬಲದಿಂದ ಚಮಚವನ್ನು ಡಬ್ಬಿಯ ಮೇಲೆತ್ತಿ ಯಜಮಾನರ ಮುಖ ನೋಡಿದ. ಯಜಮಾನರು ಘಾಟಣ್ಣನ ಮುಖ ನೋಡುತ್ತಿದ್ದರು. ಘಾಟಣ್ಣ ಆ ಹೊತ್ತಿಗೆ ಮುಖದಲ್ಲಿ ಏನೂ ತೋರಿಸುವ ಸ್ಥಿತಿಯಲ್ಲಿರಲಿಲ್ಲ. ಮೂವರೂ ಹಾಗೇ ಉಳಿದರು. ಟಣ್ ಬರಲಿಲ್ಲ.

ಬಂದದ್ದು ಬೇರೆ. ತೂಕದಣ್ಣನ ಮುಖ ಬಿಳಿಚಿತು. "ಮುಗ್ಗಲು! ಪೂರ್ತಿ ಮುಗ್ಗಲು! ಆಚೆ ಒಯ್ಯಿರೋ, ಬರ್ತಾ ಇದೆ, ಅರ್ಧ ಕಿಲೋನೂ ಬರ್ತಾ ಇದೆ!"

ಘಾಟಣ್ಣ ಪೊಟ್ಟಣ ಕಿತ್ತುಕೊಂಡು ಕಿಟಕಿಯಿಂದ ಎಸೆದ. ಅದು ಜಗಲಿಯ ಮೇಲೆ ಅಜ್ಜಿಯ ಬಕೆಟ್ಟಿಗೆ ಬಿತ್ತು. ಅಜ್ಜಿ ಬಕೆಟ್ ಹಿಡಿದು ಬೀದಿಗೆ ಓಡಿದಳು. ಕಾಂಪೌಂಡರ್ ಕಿಟಕಿಯಿಂದಲೇ "ಉಸಿರು ಎಳಿ, ಬಿಡು, ಎಳಿ, ಬಿಡು" ಎಂದು ಆಜ್ಞೆ ಮಾಡಿದರು. ಘಾಟಣ್ಣ ಗೆಳೆಯನ ಎರಡೂ ಕೈ ಹಿಡಿದು, ತಾನೇ ಜೋರಾಗಿ ಉಸಿರು ಎಳೆದು ಬಿಟ್ಟು ಮಾಡಿದ. ಒಂದು ನಿಮಿಷ. ಎರಡು. ಬಣ್ಣ ಮರಳಿತು.

"ಉಳೀತು," ಎಂದ ತೂಕದಣ್ಣ. "ಐನೂರೂ ಉಳೀತು."

"ನಿನಗೆ ವಾಸನೆ ಅಲ್ಲಿಂದಲೇ ಬಂತಾ?" ಎಂದ ಘಾಟಣ್ಣ ಬೆರಗಾಗಿ.

"ಈಗ ಬರುತ್ತೆ ಕಣೋ. ಈ ಔಷಧ ಶುರುವಾದ ಮೇಲೆ ಸತ್ತ ಮೂಗು ಎದ್ದು ಕೂತಿದೆ. ಮೊದಲೆಲ್ಲಿ ಬರ್ತಿತ್ತು?"

"ಬರ್ತಿರ್ಲಿಲ್ವಾ? ಮತ್ತೆ ಐದು ವರ್ಷ ತಟ್ಟೆ ತಟ್ಟಿದ್ದು?"

"ಯಾವ ತಟ್ಟೆ?" ಎಂದರು ಯಜಮಾನರು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಘಾಟಣ್ಣ ತಲೆ ತಗ್ಗಿಸಿ ತನ್ನ ಮೂಗಿನ ಕತೆ ಹೇಳಿದ. ತೂಕದಣ್ಣ ಟೋಪಿ ಕೆರೆದುಕೊಂಡ. "ಇವನಿಗೆ ಕೆಲಸ ಹೋಗುತ್ತಲ್ಲ ಅಂತ ಒಪ್ಕೊಂಡೆ ಯಜಮಾನ್ರೇ. ನನಗೂ ಮೂಗಿಲ್ಲ ಅಂತ ಹೇಳಿದ್ರೆ ಪಾಪ ಹೆದರ್ತಾನೆ ಅಂತ ಹೇಳಲಿಲ್ಲ. ನಿಮ್ಮ ಮುಖ ನೋಡಿ ತಟ್ಟುತ್ತಿದ್ದೆ. ನೀವು ಹುಬ್ಬು ಗಂಟಿಕ್ಕಿದ್ರೆ ಎರಡೇಟು, ಇಲ್ಲಾಂದ್ರೆ ಒಂದು."

ಯಜಮಾನರು ಸಿಡಿಯುತ್ತಾರೆಂದು ಇಬ್ಬರೂ ಕಣ್ಣು ಮುಚ್ಚಿದರು. ಅವರು ಸಿಡಿಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತರು.

"ನನ್ನ ಮುಖ ಯಾಕೋ ನೋಡಿದೆ? ನನ್ನ ಮೂಗು ಹೋಗಿ ಹದಿನೈದು ವರ್ಷವಾಯ್ತು. ನಾನು ಇವನ ಮುಖ ನೋಡಿ ಹುಬ್ಬು ಗಂಟಿಕ್ತಿದ್ದೆ. ಇವನು ಮುಖ ಕಿವುಚಿದ್ರೆ ಮಾಲು ಕೆಟ್ಟಿದೆ ಅಂತ!"

ಮೂರು ಜೊತೆ ಕಣ್ಣು ಘಾಟಣ್ಣನ ಮೇಲೆ ಬಿದ್ದವು. ಕಿಟಕಿಯಲ್ಲಿದ್ದ ಕಾಂಪೌಂಡರ್ ಅವರದೂ ಸೇರಿ.

"ನಾನು ಮುಖ ಕಿವುಚ್ತಿದ್ದದ್ದು..." ಘಾಟಣ್ಣ ತೊದಲಿದ. "ಹೋಟೆಲಿನ ತಿಂಡಿ ಹೊಟ್ಟೆಗೆ ಒಗ್ಗದ ದಿನ."

"ಅಂದ್ರೆ," ಎಂದರು ಕಾಂಪೌಂಡರ್ ನಿಧಾನವಾಗಿ, "ಐದು ವರ್ಷ ಮೆಣಸಿನಕಾಯಿ ಪಾಸು ಫೇಲು ಮಾಡಿದ್ದು ಇವನ ಹೊಟ್ಟೆ!"

"ಅದಕ್ಕೇ ಹೋದ ವರ್ಷದ ಪುಡಿ ಮಣ್ಣು ತಿಂದ ಹಾಗಿತ್ತು!" ಬೀದಿಯಿಂದ ವಾಪಸಾದ ಅಜ್ಜಿ ಕೂಗಿದಳು.

ತೂಕದಣ್ಣನಿಗೆ ನಗು ಉಕ್ಕಿತು. ಎರಡು ತಿಂಗಳಲ್ಲಿ ಮೊದಲ ನಗು. ಹೊಟ್ಟೆ ಹಿಡಿದುಕೊಂಡು, "ನಗಿಸಬೇಡ್ರೋ, ಅರ್ಧ ಕಿಲೋ ಒಳಗಿದೆ!" ಎಂದು ಬೇಡಿಕೊಂಡ.

ಆಸ್ಪತ್ರೆಯಲ್ಲಿ ಅವನು ತೂಕದ ಯಂತ್ರ ಹತ್ತಿದಾಗ ಘಾಟಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದ. ನರ್ಸಮ್ಮನ ದನಿ ಕೇಳಿತು. "ನಲವತ್ತೆಂಟು ಕಿಲೋ ನೂರು ಗ್ರಾಂ. ಸೋಮವಾರ ಡೋಸ್ ಕೊಡಬಹುದು."

"ನೂರು ಗ್ರಾಂ ಕಡಿಮೆ ತೋರಿಸ್ತಿದೆ ಸಿಸ್ಟರ್," ಎಂದ ತೂಕದಣ್ಣ. "ಯಂತ್ರ ರಿಪೇರಿಗೆ ಕಳಿಸಿ."

ಘಾಟಣ್ಣ ಕಣ್ಣು ಒರೆಸಿಕೊಂಡು, "ಮೆಣಸಿನಪುಡಿ ಬಿತ್ತು," ಎಂದ. ಅವತ್ತು ಅವನ ಮೈಮೇಲೆ ಚೂರೂ ಮೆಣಸಿನಪುಡಿ ಇರಲಿಲ್ಲ.

"ಇವತ್ತು ಕೊಟ್ಟದ್ದನ್ನೇ ದಿನಾ ಕೊಡಿ," ಎಂದಳು ನರ್ಸಮ್ಮ.

ಮನೆಗೆ ಬಂದಾಗ ಅಕ್ಕ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಗಲೇ ಜಗಲಿಯಲ್ಲಿ ಕೂತಿದ್ದಳು. ಸುದ್ದಿ ಕೇಳಿ ಇನ್ನೊಂದು ಕಣ್ಣಲ್ಲೇ ಅತ್ತಳು. ಆಮೇಲೆ, ಎಲ್ಲರೂ ಒಳಗೆ ಬಂದು ತಮ್ಮನನ್ನು ಮಂಚದ ಮೇಲೆ ಕೂರಿಸಿದಾಗ, ಹೇಳಿದಳು: "ನನಗೆ ಒಂದು ತಿಂಗಳು ಒಲೆ ಮುಂದೆ ನಿಲ್ಲಬಾರದು ಅಂದಿದಾರೆ."

ಎಲ್ಲರೂ ಘಾಟಣ್ಣನನ್ನು ನೋಡಿದರು. ಘಾಟಣ್ಣ ಈ ಸಲ ಬಾಯಿ ತೆರೆಯಲಿಲ್ಲ. ಹಲ್ಲು ಕಚ್ಚಿ ಮುಚ್ಚಿಕೊಂಡ. ಪ್ರಯೋಜನವಾಗಲಿಲ್ಲ, ಯಜಮಾನರು ತೆರೆದರು.

"ತೂಕದಣ್ಣ ಹುಷಾರಾಗಿ ಬಂದ ದಿನದಿಂದ ಗಿರಣಿಯ ಮೂಗು ಅವನೇ. ಅಲ್ಲಿವರೆಗೆ ವಿಷಯ ಹೊರಗೆ ಹೋಗಬಾರದು, ಘಾಟಣ್ಣನ ನೆಗಡಿ ಹಾಗೇ ಮುಂದುವರೀಲಿ."

"ಮತ್ತೆ ನಾನು?"

"ನೀನು ಬೆಳಗ್ಗೆ ಯಂತ್ರ. ಮಧ್ಯಾಹ್ನ ಮೂರು ಸಲ ಸ್ನಾನ, ಆಮೇಲೆ ಅಡುಗೆ."

"ಯಜಮಾನ್ರೇ, ವಾಸನೆ ಬಾರದವನು ಅಡುಗೆ ಮಾಡೋದುಂಟಾ?"

"ಐದು ವರ್ಷ ವಾಸನೆ ಬಾರದವನು ವಾಸನೆ ನೋಡಿಲ್ವೇನೋ?"

"ನಾನು ದಿನಾ ಬಂದು ಸಹಾಯ ಮಾಡ್ತೀನಿ ಬಿಡು," ಎಂದಳು ಅಜ್ಜಿ. "ಪಾತ್ರೆ ಕುದಿಸೋದು ನನಗೆ ಬಿಡಿ," ಎಂದರು ಕಾಂಪೌಂಡರ್.

ಘಾಟಣ್ಣ ಕೊನೆಯ ಆಸೆಯಿಂದ ಗೆಳೆಯನ ಕಡೆ ತಿರುಗಿದ. ಐದು ವರ್ಷ ಕಾಪಾಡಿದವನು ಇವತ್ತೊಂದು ದಿನ ಕೈಬಿಡುತ್ತಾನೆಯೇ? ಎರಡೇಟು ಸಾಕು, ಬದುಕಿಕೊಳ್ಳುತ್ತಾನೆ. ತೂಕದಣ್ಣ ಟೋಪಿ ಸರಿಮಾಡಿಕೊಂಡ, ಚಮಚ ಎತ್ತಿದ, ಹಳೆಯ ಕ್ರಮದಂತೆ ಒಮ್ಮೆ ಯಜಮಾನರ ಮುಖ ನೋಡಿದ. ಅವರ ಹುಬ್ಬು ನೆಟ್ಟಗಿತ್ತು.

ಖಾಲಿ ಡಬ್ಬಿಯ ಮೇಲೆ ಒಂದೇ ಒಂದು ಸಲ ತಟ್ಟಿದ.

ಟಣ್.